ಅವಳಿಗೆ ಬೇಕಂತೆ

ಆ ಊರಿನ ಬಸ್ ನಿಲ್ದಾಣದಲ್ಲಿ ಇಳಿದವಳೇ ಎದುರಿನ ಹೋಟೆಲಿಗೆ ಹೋಗಿ ಒಂದು ಟೀ ಕೇಳಿದೆ. ಗಲ್ಲಾದಲ್ಲಿ ಕೂತಿದ್ದವನು ನನ್ನ ಮುಖವನ್ನೇ ನೋಡುತ್ತಿದ್ದ. ಆದರೂ ಏನೂ ಕೇಳಿಸದವನಂತೆ ಕೈಚಾಚಿ ತೂಗುಹಾಕಿದ್ದ ಬಾಳೆಗೊನೆಯನ್ನು ತಿರುಗಿಸಿ ಬಿಟ್ಟ. ಮತ್ತೊಮ್ಮೆ ಕೇಳಿದೆ. ಆಮೇಲೆ ಗಂಟಲು ಏರಿಸಿ ಕೇಳಿದೆ. ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಅಜ್ಜಿಯೊಬ್ಬಳು ಕೈ ತಡೆದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಟೀನಾ ಮಗಾ?" ಎಂದಳು. ತಲೆಯಾಡಿಸಿದೆ. "ಈ ಮಗೂಗೆ ಒಂದು ಟೀ ಬೇಕಂತೆ ಕಣಪ್ಪ" ಎಂದಳು ಅವಳು. ಗಲ್ಲಾದವನಿಗೆ ನಾನು ಆಗ ತಾನೇ ಕಣ್ಣಿಗೆ ಬಿದ್ದಂತಾಯಿತು. "ಅಯ್ಯೋ, ನಿಂತೇ ಇದೀಯಲ್ಲಮ್ಮ, ಕೂತ್ಕೊ" ಎಂದ.

ನನಗೆ ಸಿಟ್ಟು ಬಂತು. ಹಳ್ಳಿಯ ಕಡೆಯವಳೆಂದು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಬಂದ ಮೇಲೆ ಕೋಣೆಯ ಗೆಳತಿ ಜುಬೇದಾ ನನ್ನ ಸಿಟ್ಟನ್ನು ಕಂಡು ನಕ್ಕಳು. ಅವಳು ಬಂದು ವಾರವಾಗಿತ್ತಷ್ಟೆ, ಆಗಲೇ ಹಳಬಳಾಗಿಬಿಟ್ಟಿದ್ದಳು. "ಇಲ್ಲಿ ನಿಂದು ನೀನು ಹೇಳ್ಕೊಂಡ್ರೆ ಕೇಳ್ಸಲ್ಲ ವಾರಿಜಾ. ಪಕ್ಕದೋರು ಹೇಳ್ಬೇಕು" ಎಂದಳು. ಯಾಕೆ ಎಂದು ಕೇಳಿದೆ. ಅವಳು ಭುಜ ಕುಣಿಸಿ, "ನಿನಗೆ ತಲೆನೋವು ಅಲ್ವಾ?" ಎಂದು ಕೇಳಿ, ನಾನು ಹೌದೆಂದು ತಲೆಯಾಡಿಸುವಷ್ಟರಲ್ಲಿ ಅಮೃತಾಂಜನದ ಡಬ್ಬಿ ಕೈಗಿಟ್ಟಳು.

ಬೇರೆ ಮಾತಿಗೆಲ್ಲ ಅಡ್ಡಿಯಿರಲಿಲ್ಲ. ಹವೆಯ ಬಗ್ಗೆ, ಪಾಠದ ಬಗ್ಗೆ, ಮೇಷ್ಟರ ಮೀಸೆಯ ಬಗ್ಗೆ ಎಷ್ಟು ಬೇಕಾದರೂ ಹರಟಬಹುದಿತ್ತು. ನನಗೆ ಬೇಕು, ನನಗೆ ಬೇಡ, ನನಗೆ ನೋವು, ನನಗೆ ಖುಷಿ ಎಂದು ಬಾಯಿ ತೆರೆದರೆ ಮಾತ್ರ ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಬರೆದು ತೋರಿಸಿದರೆ ಓದುವವರ ಕಣ್ಣು ಆ ಸಾಲಿನಿಂದ ಜಾರಿ ಕೆಳಗಿನ ಸಾಲಿಗೆ ಹೋಗುತ್ತಿತ್ತು. ಯಾರಾದರೂ ಕೇಳಿದಾಗ ತಲೆಯಾಡಿಸಿದ್ದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಆ ಊರಿನವರು ಎಲ್ಲಿಗೂ ಜೋಡಿಯಾಗಿಯೇ ಹೋಗುತ್ತಿದ್ದರು. ಆಸ್ಪತ್ರೆಯ ಸಾಲಿನಲ್ಲಿ ಕೂತವರು ಪಕ್ಕದವರ ಹೊಟ್ಟೆನೋವನ್ನು ಕೇಳಿ ತಿಳಿದುಕೊಂಡು ಡಾಕ್ಟರಿಗೆ ಹೇಳುತ್ತಿದ್ದರು, ಅವರದನ್ನು ಇವರು ಹೇಳುತ್ತಿದ್ದರು. ತರಕಾರಿ ಮಾರುವವಳು ಗಿರಾಕಿಯ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡಿ, "ಬದನೆಕಾಯಾ? ಎಳೇದಾ?" ಎನ್ನುತ್ತಿದ್ದಳು. ಗಂಡ ಹೆಂಡತಿ ಜಗಳವಾಡಿದರೆ ಅಕ್ಕಪಕ್ಕದ ಮನೆಯವರು ಬಂದು ನಡುವೆ ನಿಂತು, ಆಕೆಗೆ ಹೀಗನ್ನಿಸಿದೆಯಂತೆ, ಈತನಿಗೆ ಹಾಗನ್ನಿಸಿದೆಯಂತೆ ಎಂದು ಜಗಳವನ್ನು ನಡೆಸಿಕೊಡುತ್ತಿದ್ದರು. ತನಗೆ ಬೇಕಾದ್ದನ್ನು ತಾನೇ ಬಾಯಿಬಿಟ್ಟು ಹೇಳಲು ಹೋಗುವುದನ್ನು ಅಲ್ಲಿ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆಗೇಡೆಂದು ತಿಳಿಯುತ್ತಿದ್ದರು. ಯಾರಾದರೂ ಹಾಗೆ ತುಟಿಯಾಡಿಸಿದರೆ ಮರ್ಯಾದಸ್ಥರು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಬಂದ ಹೊಸತರಲ್ಲಿ ಅಮ್ಮನಿಗೆ ಫೋನ್ ಮಾಡಿ, "ಅಮ್ಮಾ, ನನಗೆ ವಾಪಸ್ ಬರ್ಬೇಕು" ಎಂದೆ. "ಹಲೋ? ಹಲೋ? ಏನೂ ಕೇಳಿಸ್ತಿಲ್ಲ ಕಣೇ" ಎಂದಳು ಅಮ್ಮ. ಆಮೇಲೆ ಲೈನೇ ಸರಿಯಿಲ್ಲವೆಂದು ಬೈದು, ಅಪ್ಪನ ಮಂಡಿನೋವಿನ ವಿಷಯ, ತಮ್ಮನ ಪರೀಕ್ಷೆಯ ವಿಷಯ ಹೇಳಿ ಇಟ್ಟಳು.

ನಾನು ವಿದ್ಯಾರ್ಥಿ ಪ್ರತಿನಿಧಿಯಾದದ್ದು ಜಡೆಯಿಂದ. ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿ ಕುಲಸಚಿವರು ಪ್ರತಿನಿಧಿಯನ್ನು ಆರಿಸುತ್ತಿದ್ದರು. ಕುಲಸಚಿವರ ಹೆಸರು ಪಟ್ಟಾಭಿರಾಮಯ್ಯ. ತುಂಬು ತೋಳಿನ ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಯಾರ ಮಾತಿಗೂ ಕೋಪಿಸಿಕೊಳ್ಳದ ಮನುಷ್ಯ. ಆ ದಿನ ಜುಬೇದಾ ಜ್ವರದಿಂದ ಮಲಗಿದ್ದಳು, ನಾನೊಬ್ಬಳೇ ಹೋಗಿದ್ದೆ. "ಈ ಸಲ ಯಾರಿಗೆ ಬೇಕಂತೆ?" ಎಂದು ಅವರು ಕೇಳಿದರು. ಆ ಕೆಲಸ ಯಾರಿಗೂ ಬೇಕಿರಲಿಲ್ಲ. ಊರಿನ ಬೇರೆ ಕಡೆಗಳಲ್ಲಿ ಒಬ್ಬರಿಗೆ ಒಬ್ಬರು ಹೇಳಿದರೆ ಮುಗಿಯಿತು. ಪ್ರತಿನಿಧಿಯಾದವಳು ಹಾಸ್ಟೆಲಿನ ಅಷ್ಟೂ ಕೋಣೆಗಳ ಬಾಗಿಲು ತಟ್ಟಿ, ಅಷ್ಟೂ ಮುಖ ನೋಡಿ, ಏನೇನು ಬೇಕೆಂದು ಊಹಿಸಿ, ಪ್ರತಿ ಸೋಮವಾರ ಅಧ್ಯಾಪಕರ ಮಂಡಳಿಯ ಮುಂದೆ ಹೇಳಬೇಕಿತ್ತು. ಓದುವುದಕ್ಕೆ ಹೊತ್ತು ಸಿಗುತ್ತಿರಲಿಲ್ಲ.

ನನ್ನ ಜಡೆ ಹಿಂದಿನ ಬೆಂಚಿನ ಸಂದಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ತಲೆಯನ್ನು ಒಂದು ಕಡೆ ವಾಲಿಸಿ ಎಳೆದೆ. ಅದೇ ಹೊತ್ತಿಗೆ ಮುಂದಿನ ಸಾಲಿನ ಯಾರೋ ಹಿಂತಿರುಗಿ, "ಈ ಹೊಸ ಹುಡುಗಿಗೆ ಬೇಕಾ?" ಎಂದು ಕೇಳಿದ್ದಳು. "ಹೂಂ ಸಾರ್, ಇವಳಿಗೆ ಬೇಕಂತೆ!" ಎಂದು, ನನ್ನ ತಲೆ ವಾಲಿದ್ದನ್ನೇ ಹೌದೆಂದು ತಿಳಿದು ಕೂಗಿಬಿಟ್ಟಳು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು, ನನಗೆ ಬೇಡ, ನನಗೆ ಖಂಡಿತ ಬೇಡ ಎಂದೆ. ತುಟಿ ಆಡುತ್ತಿದ್ದುದನ್ನು ಕಂಡು ನಾಲ್ಕು ಜನ ನಾಚಿ ಮುಖ ತಿರುಗಿಸಿದರು, ಉಳಿದವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಜ್ವರ ಬಿಟ್ಟ ಮೇಲೆ ಜುಬೇದಾ ನನ್ನ ಪರವಾಗಿ ಕುಲಸಚಿವರ ಕೋಣೆಗೆ ಹೋಗಿ, "ಅವಳಿಗೆ ಬೇಡವಂತೆ ಸಾರ್" ಎಂದಳು. ಪಟ್ಟಾಭಿರಾಮಯ್ಯನವರಿಗೆ ನಿಜವಾಗಿಯೂ ಬೇಸರವಾಯಿತು. "ಛೆ, ಮೊದಲೇ ಹೇಳ್ಬಾರ್ದಾಗಿತ್ತೇನಮ್ಮ? ಆದೇಶ ಹೊರಟುಹೋಗಿದೆ. ಮುಂದಿನ ವರ್ಷ ನೆನಪಿಸು" ಎಂದರು.

ಹೀಗೆ ನಾನು ಬಾಗಿಲು ತಟ್ಟತೊಡಗಿದೆ. ಕೋಣೆಯೊಳಗೆ ಮೂವರು ಹುಡುಗಿಯರು ಮಂಚದ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ. "ಫ್ಯಾನ್ ಕೆಟ್ಟಿದೆಯಾ? ಬಿಸಿನೀರು ಸಾಲ್ತಿಲ್ವಾ? ಸೊಳ್ಳೆನಾ?" ಎಂದು ಬಾಯಿಗೆ ಬಂದದ್ದನ್ನು ಕೇಳುತ್ತಿದ್ದೆ. ಅಲ್ಲ, ಅಲ್ಲ, ಅಲ್ಲ ಎಂದು ತಲೆಗಳು ಅಲ್ಲಾಡುತ್ತಿದ್ದವು. ನನ್ನ ಊರಿನಲ್ಲಿ ಯಾರ ಮುಖವನ್ನೂ ಅಷ್ಟು ಹೊತ್ತು ನೋಡಿ ನನಗೆ ಗೊತ್ತಿರಲಿಲ್ಲ. ನೋಡುತ್ತ ನೋಡುತ್ತ ಎಲ್ಲ ಮುಖಗಳೂ ಒಂದೇ ಥರ ಕಾಣತೊಡಗಿದವು.

ಮೊದಲ ತಿಂಗಳಲ್ಲೇ ಉಪ್ಪಿಟ್ಟಿನ ಎಡವಟ್ಟು ಮಾಡಿದೆ. ಊಟದ ಮನೆಯಲ್ಲಿ ಯಾರೂ ಉಪ್ಪಿಟ್ಟು ಮುಗಿಸದೆ ಏಳುತ್ತಿದ್ದುದನ್ನು ಕಂಡು, ಮೇಜಿನಿಂದ ಮೇಜಿಗೆ ಹೋಗಿ, "ಉಪ್ಪಿಟ್ಟು ಬೇಡ್ವಾ?" ಎಂದು ಕೇಳಿದೆ. ಎಲ್ಲರೂ ಅಡ್ಡಡ್ಡ ತಲೆಯಾಡಿಸಿದರು. ಬೇಡವೆಂದೋ, ಬೇಡ ಅಂತೇನಿಲ್ಲವೆಂದೋ? ನಾನು ಎರಡನೆಯದೆಂದು ತಿಳಿದೆ. ಸೋಮವಾರ ಮಂಡಳಿಯಲ್ಲಿ, "ಅವರಿಗೆಲ್ಲ ಉಪ್ಪಿಟ್ಟು ಬೇಕಂತೆ" ಎಂದೆ. ಮರುದಿನದಿಂದ ಬೆಳಿಗ್ಗೆಯೂ ಉಪ್ಪಿಟ್ಟು, ಸಂಜೆಯೂ ಉಪ್ಪಿಟ್ಟು. ಹುಡುಗಿಯರು ತಟ್ಟೆ ಹಿಡಿದು ನನ್ನ ಮುಂದೆ ಸುಮ್ಮನೆ ನಿಲ್ಲುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನೀಲಗಂಗಾ ನನ್ನ ಜೊತೆಯಾದದ್ದು ಆಗ. ಅವಳು ಆ ಊರಿನವಳೇ, ನನ್ನ ಹಾಗೆ ಎಂ.ಎ. ಮೊದಲ ವರ್ಷದವಳು, ಬೇರೆ ವಿಭಾಗ. ಎತ್ತರದ ಹುಡುಗಿ. ನಡೆಯುವಾಗ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಉಪ್ಪಿಟ್ಟಿನ ಗಲಾಟೆಯ ಮೂರನೆಯ ದಿನವೋ ಏನೋ, ಕಾರಿಡಾರಿನಲ್ಲಿ ನನ್ನ ಪಕ್ಕಕ್ಕೆ ಬಂದು, "ಬೇಡ್ವಾ ಅಂತ ಕೇಳ್ಬಾರ್ದು. ಬೇಕಾ ಅಂತ ಕೇಳ್ಬೇಕು. ನಮ್ ಕಡೆ ಕೂಸುಗಳಿಗೂ ಗೊತ್ತು" ಎಂದಳು. ನಾನು ನಾಚಿಕೊಂಡೆ. ಅವಳೂ ನಾಚಿಕೊಂಡಳು. ಅಂದು ಸಂಜೆಯೇ ಮತ್ತೆ ಪ್ರತಿ ಮೇಜಿಗೂ ಹೋಗಿ ನಿಂತು, ಬೇಕಾ ಎಂದು ಕೇಳಿದೆ. ಮಾರನೆಯ ದಿನದಿಂದ ನಾನು ಬಾಗಿಲು ತಟ್ಟುವಾಗ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲತೊಡಗಿದಳು. ಯಾಕೆ ಬರುತ್ತಾಳೆಂದು ನಾನು ಕೇಳಲಿಲ್ಲ. ಒಬ್ಬಳೇ ಹೋಗುವುದಕ್ಕಿಂತ ಇಬ್ಬರು ಮೇಲಲ್ಲವೇ ಅಂದುಕೊಂಡೆ.

ಎರಡನೇ ಮಹಡಿಯವರು ನನಗೆ ದೊಡ್ಡ ಒಗಟಾಗಿದ್ದರು. ಏನು ಕೇಳಿದರೂ ಅಲ್ಲ. ನೀರಲ್ಲ, ಊಟವಲ್ಲ, ದೀಪವಲ್ಲ, ವಾರ್ಡನ್ ಅಲ್ಲ. ಒಂದು ಮಧ್ಯಾಹ್ನ ನಾನು ಸೋತು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀಲಗಂಗಾ ಬಗ್ಗಿ ನನ್ನ ಕಿವಿಯಲ್ಲಿ, "ಕೂದಲು ನೋಡು, ಎಲ್ಲರದೂ ಒದ್ದೆ. ತಾರಸಿ ಕೇಳು" ಎಂದಳು. ತಾರಸಿಯ ಬಾಗಿಲಿಗೆ ಯಾವ ಕಾಲದಲ್ಲೋ ಬೀಗ ಬಿದ್ದಿತ್ತು. ನಾನು ಎದ್ದು ಹೋಗಿ, "ತಾರಸಿ ಬೇಕಾ?" ಎಂದೆ. ಆ ಮಹಡಿಯ ಅಷ್ಟೂ ತಲೆಗಳು ಒಟ್ಟಿಗೆ ಹೌದೆಂದು ಆಡಿದವು. ಒಬ್ಬಳು ಅತ್ತೇಬಿಟ್ಟಳು. ಸೋಮವಾರ ಹೇಳಿದೆ, ಮಂಗಳವಾರ ಬೀಗ ತೆಗೆದರು. ಹುಡುಗಿಯರು ಕೂದಲು ಬಿಚ್ಚಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ನಿಂತರು. ಕೆಳಗಿನಿಂದ ಹೋಗುತ್ತಿದ್ದ ನನ್ನನ್ನು ಕಂಡು ಕೈಬೀಸಿ, "ವಾರಿಜಕ್ಕಾ" ಎಂದು ಕೂಗಿದರು. ನನಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ನೀಲಗಂಗಾ ನನ್ನ ಹಿಂದೆಯೇ ಇದ್ದಳು. ಅವಳತ್ತ ಯಾರೂ ಕೈಬೀಸಲಿಲ್ಲ, ನಾನೂ ತಿರುಗಿ ನೋಡಲಿಲ್ಲ.

ಅಲ್ಲಿಂದಾಚೆ ಅದು ನನಗೆ ರುಚಿಸತೊಡಗಿತು. ಸೋಮವಾರ ಬಂತೆಂದರೆ ಬೆಳಿಗ್ಗೆ ಬೇಗ ಎಚ್ಚರಾಗುತ್ತಿತ್ತು. ಮಂಡಳಿಯ ಉದ್ದ ಮೇಜಿನ ಕೊನೆಯಲ್ಲಿ ಕೂತು, ಅವಳಿಗೆ ಹೀಗಂತೆ, ಇವಳಿಗೆ ಹಾಗಂತೆ ಎಂದು ಹೇಳುತ್ತಿದ್ದರೆ ದೊಡ್ಡವರೆಲ್ಲ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಆದರೆ ಜುಬೇದಾ, "ನಿನಗೆ ಕಾಫಿನಾ ಟೀನಾ?" ಎಂದು ಕೇಳಿದರೆ ಉತ್ತರವೇ ಹೊಳೆಯುತ್ತಿರಲಿಲ್ಲ. ಹಸಿವಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಾಯಲ್ಲಿ ಇಡೀ ದಿನ ಬೇರೆಯವರ ಹಸಿವು ತುಂಬಿಕೊಂಡಿರುತ್ತಿತ್ತು. ಒಂದು ದಿನ ಅವಳು ನನ್ನ ತಲೆ ಬಾಚುತ್ತ, "ಇನ್ನೊಂದು ವರ್ಷ ಪ್ರತಿನಿಧಿ ಆಗಿರ್ಬೇಕಾ ನಿನಗೆ?" ಎಂದಳು. ಯೋಚಿಸುವ ಮುಂಚೆಯೇ ನನ್ನ ತಲೆ ಹೌದೆಂದು ಆಡಿತ್ತು. "ಬೇಡ ಬೇಡ ಅಂತ ಅತ್ತೋಳು ನೀನೇನಾ?" ಎಂದು ಬಾಚಣಿಗೆಯಿಂದ ಮೊಟಕಿದಳು. ನನಗೂ ಅದೇ ಆಶ್ಚರ್ಯ.

ವರ್ಷ ಮುಗಿಯುತ್ತ ಬಂದಾಗ ನನಗೆ ಶೀತವಾಗಿ ಗಂಟಲು ಪೂರ್ತಿ ಕಟ್ಟಿಕೊಂಡಿತು. ಆ ಸೋಮವಾರ ಮೇಜಿನ ಕೊನೆಯಲ್ಲಿ ನೀಲಗಂಗಾಳನ್ನು ಕೂರಿಸಿದರು. ನಾನು ಗೋಡೆಯ ಬದಿಯ ಬೆಂಚಿನಲ್ಲಿ ಕೂತೆ. ಅವಳು ದುಪಟ್ಟಾದ ತುದಿಯನ್ನು ಬಿಟ್ಟು ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟಳು. ಒಂದೊಂದು ಕೋಣೆಯದನ್ನೂ ಹೇಳಿದಳು. ಹೆಚ್ಚು ಮಾತಿಲ್ಲ, ತಡವರಿಕೆಯಿಲ್ಲ. ನಾನು ಹೇಳುವಾಗ ಅಧ್ಯಾಪಕರು ಪೆನ್ನು ಕೆಳಗಿಡುತ್ತಿದ್ದರಷ್ಟೆ. ಅವಳು ಹೇಳುವಾಗ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನನ್ನ ಕುರ್ಚಿ ಅದು ಅನ್ನಿಸಿತು. ಹೊರಗೆ ಬಂದ ಅವಳ ಮುಖ ನೋಡಿದೆ. ವರ್ಷಪೂರ್ತಿ ಮುಖ ನೋಡುವುದನ್ನು ಕಲಿತಿದ್ದೆನಲ್ಲ, ಆದರೆ ಆ ಒಂದು ಮುಖವನ್ನು ನೋಡಿರಲೇ ಇಲ್ಲ. ಅವಳು ಯಾವಾಗಲೂ ನನ್ನ ಹಿಂದಿರುತ್ತಿದ್ದಳು.

ಗಂಟಲು ಸರಿಯಾದ ಮೇಲೆ ಅವಳನ್ನು ಗ್ರಂಥಾಲಯದ ಹಿಂದಿನ ಹೊಂಗೆ ಮರದ ಕೆಳಗೆ ನಿಲ್ಲಿಸಿ ಕೇಳಿದೆ. "ನೀಲಗಂಗಾ, ನಿನಗೆ ಪ್ರತಿನಿಧಿ ಆಗ್ಬೇಕಾ?"

ಅವಳು ತಲೆಯಾಡಿಸಲಿಲ್ಲ. ಮುಖ ಕೆಂಪಗಾಯಿತು. ಆ ಊರಿನಲ್ಲಿ ಹಸಿವನ್ನು ಊಹಿಸುತ್ತಾರೆ, ನೋವನ್ನು ಊಹಿಸುತ್ತಾರೆ. ಯಾರಿಗೂ ಬೇಡದ ಕೆಲಸವೊಂದು ಒಬ್ಬಳಿಗೆ ಬೇಕಾಗಿರಬಹುದೆಂದು ಯಾರು ಊಹಿಸುತ್ತಾರೆ? ಎಷ್ಟು ದಿನದಿಂದ ಆ ಪ್ರಶ್ನೆಗೆ ಕಾದಿದ್ದಳೋ. ತಲೆ ತಗ್ಗಿಸಿದಳು. ಮೊದಲು ನಾಚಿಕೆಯೆಂದುಕೊಂಡೆ. ಆಮೇಲೆ ತಿಳಿಯಿತು, ಅದು ಹೌದು ಎಂಬ ಉತ್ತರವೇ.

"ಸರಿ, ಹೇಳ್ತೀನಿ" ಎಂದೆ.

ಹೇಳುವುದಕ್ಕೆ ನಾನಲ್ಲದೆ ಇನ್ನೊಬ್ಬರಿರಲಿಲ್ಲ. ಆಯ್ಕೆಯ ಸಭೆಗೆ ಇನ್ನೂ ದಿನಗಳಿದ್ದವು. ಕುಲಸಚಿವರ ಕಿವಿಗೆ ಮೊದಲೇ ಹಾಕಬಹುದಿತ್ತು, ಹಾಕಲಿಲ್ಲ. ಇವತ್ತು ಅವರಿಗೆ ಬಿಡುವಿಲ್ಲ, ನಾಳೆ ನನಗೆ ಪಾಠವಿದೆ ಎಂದು ಮುಂದೂಡಿದೆ. ನೀಲಗಂಗಾ ಎಂದಿನಂತೆ ಒಂದು ಹೆಜ್ಜೆ ಹಿಂದೆ ಬರುತ್ತಲೇ ಇದ್ದಳು. ಕೇಳಿದೆಯಾ, ಹೇಳಿದೆಯಾ ಎಂದು ಅವಳು ಬಾಯಿಬಿಡುವಂತಿರಲಿಲ್ಲ. ನಾನು ಒಳ್ಳೆಯವಳೋ ಕೆಟ್ಟವಳೋ ನನಗೇ ತಿಳಿಯದಾಯಿತು. ಅವಳಿಗೆ ಬೇಕಾದ್ದೇ ನನಗೂ ಬೇಕಾದರೆ ತಪ್ಪೇ? ಜುಬೇದಾಳನ್ನು ಕೇಳೋಣವೆಂದರೆ ಅದೂ ನನ್ನದೇ ಸಂಕಟ. ಬಾಯಿ ತೆರೆದರೆ ಗಾಳಿ. ಅವಳು ನನ್ನ ಮುಖ ನೋಡಿ, "ಹೊಟ್ಟೆನೋವಾ?" ಎಂದಳು. ಅಲ್ಲವೆಂದು ತಲೆಯಾಡಿಸಿದೆ. "ಮನೆ ನೆನಪಾ?" ಎಂದಳು. ಅದೂ ಅಲ್ಲವೆಂದೆ. ಆಮೇಲೆ ಬಿಟ್ಟುಬಿಟ್ಟಳು.

ಸಭೆಯ ದಿನ ಬಂತು. ಪಟ್ಟಾಭಿರಾಮಯ್ಯನವರು ಕನ್ನಡಕ ಏರಿಸಿಕೊಂಡು, "ಈ ಸಲ ಯಾರಿಗೆ ಬೇಕಂತೆ?" ಎಂದರು. ಜುಬೇದಾ ಎದ್ದಳು. "ವಾರಿಜಾಗೆ ಇನ್ನೊಂದು ವರ್ಷ ಬೇಕಂತೆ ಸಾರ್. ಒಳ್ಳೇ ಹುಡುಗಿ ಸಾರ್" ಎಂದು ಕೂತಳು. ಸಭೆಯೆಲ್ಲ ನಿರಾಳವಾಯಿತು. ಬೇಕೆನ್ನುವವಳು ಒಬ್ಬಳಿದ್ದಾಳಲ್ಲ, ನಮ್ಮ ತಲೆಯ ಮೇಲೆ ಬರುವುದಿಲ್ಲವಲ್ಲ ಎಂದು. ಕುಲಸಚಿವರು ಕ್ರಮಕ್ಕೆಂದು ಮಾತ್ರ, "ಬೇರೆ ಯಾರಿಗಾದ್ರೂ?" ಎಂದು ಕೇಳಿ ಫೈಲು ಮುಚ್ಚತೊಡಗಿದರು.

ನಾನು ವೇದಿಕೆಯ ಪಕ್ಕದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ಆಗ ಮಧ್ಯದ ಸಾಲಿನಲ್ಲಿ ನೀಲಗಂಗಾ ಎದ್ದು ನಿಂತಳು. ಅವಳ ತುಟಿ ಆಡಿತು. ಸದ್ದಿಲ್ಲ. ಮತ್ತೆ ಆಡಿತು. ಅಷ್ಟು ಜನರ ಮುಂದೆ, ಆ ಊರಿನಲ್ಲೇ ಹುಟ್ಟಿ ಬೆಳೆದವಳು, ತನಗೆ ಬೇಕಾದ್ದನ್ನು ತಾನೇ ಹೇಳುತ್ತಿದ್ದಳು. ಸುತ್ತಲಿನವರು ಗಾಬರಿಯಿಂದ ಫ್ಯಾನು ನೋಡಿದರು, ಉಗುರು ನೋಡಿಕೊಂಡರು. ಕುಲಸಚಿವರು ಕಿಟಕಿಯತ್ತ ತಿರುಗಿದರು. ಅವಳನ್ನು ನೋಡುತ್ತಿದ್ದವಳು ನಾನೊಬ್ಬಳೇ. ನಾನೂ ಕಣ್ಣು ಬೇರೆ ಕಡೆ ತಿರುಗಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಿರುಗಿಸಲು ಆಗಲಿಲ್ಲ.

"ಸಾರ್, ನೀಲಗಂಗಾಗೂ ಬೇಕಂತೆ" ಎಂದೆ.

ಪಟ್ಟಾಭಿರಾಮಯ್ಯನವರು ಮುಚ್ಚಿದ ಫೈಲು ಮತ್ತೆ ತೆರೆದರು. ಇಬ್ಬರಿಗೆ ಬೇಕಾದ ಪ್ರಸಂಗ ಅವರ ಕಾಲದಲ್ಲಿ ಬಂದಿರಲಿಲ್ಲ. "ಇಬ್ಬರಿಗಾ?" ಎಂದು ನನ್ನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು. "ಹಾಗಾದ್ರೆ ಒಬ್ಬೊಬ್ಬರ ಪರವಾಗಿ ಯಾರಾದ್ರೂ ಮಾತಾಡ್ಲಿ. ಕೇಳಿ ಕೈಯೆತ್ತೋಣ."

ನೀಲಗಂಗಾಳ ಪರವಾಗಿ ಮಾತಾಡುವಷ್ಟು ಅವಳನ್ನು ಬಲ್ಲವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಮಾತಾಡಿದೆ. ಅರೆಮನಸ್ಸಿನಿಂದ ಶುರುಮಾಡಿದೆ, ಹೇಳುತ್ತ ಹೇಳುತ್ತ ನಿಜ ಹೇಳದೆ ಗತಿಯಿರಲಿಲ್ಲ. ಅವಳು ಮುಖ ನೋಡುವ ರೀತಿ ಹೇಳಿದೆ. ಒದ್ದೆ ಕೂದಲನ್ನು ಕಂಡವಳು ಅವಳು, ತಾರಸಿ ಕೇಳು ಎಂದವಳು ಅವಳು ಎಂದೆ. ಎರಡನೇ ಮಹಡಿಯವರು ತಿರುಗಿ ಅವಳನ್ನು ನೋಡಿದರು. ನಾನು ಕೂರುವಾಗ ಜುಬೇದಾ ನನ್ನತ್ತ ಕಣ್ಣು ಕೆಕ್ಕರಿಸಿ, ನನ್ನ ಪರವಾಗಿ ಎದ್ದಳು. "ಒಳ್ಳೇ ಹುಡುಗಿ ಸಾರ್" ಎಂದು ಮತ್ತೆ ಅಂದಳು. ಮುಂದೆ ಮಾತು ಸಿಗಲಿಲ್ಲ. ಆಗ ನೀಲಗಂಗಾ ಕೈಯೆತ್ತಿ, "ವಾರಿಜಾದು ನಾನು ಹೇಳ್ಲಾ ಸಾರ್?" ಎಂದಳು.

ಅವಳು ನಿಧಾನವಾಗಿ ಹೇಳಿದಳು. "ವಾರಿಜಾ ಪ್ರತಿ ಬಾಗಿಲು ತಟ್ಟೋ ಮುಂಚೆ ಒಂದು ಕ್ಷಣ ನಿಂತು ಉಸಿರು ತಗೋತಾಳೆ. ಅವಳಿಗೆ ಭಯ. ವರ್ಷ ಆದ್ರೂ ಹೋಗಿಲ್ಲ. ಆದ್ರೂ ಒಂದು ಬಾಗಿಲನ್ನೂ ತಪ್ಸಿಲ್ಲ. ಉಪ್ಪಿಟ್ಟಿನ ತಪ್ಪು ಆದಾಗ ಪ್ರತಿ ಮೇಜಿಗೂ ಹೋಗಿ ನಿಂತ್ಕೊಂಡ್ಲು, ಎಲ್ಲರ ಮುಖಾನೂ ಎದುರಿಸಿದ್ಲು. ಈ ಕುರ್ಚಿ ಅವಳಿಗೆ ತುಂಬಾ ಬೇಕು. ಇಲ್ಲಿ ಕೂತಾಗ ಮಾತ್ರ ಅವಳಿಗೆ ತಾನು ಇದೀನಿ ಅನ್ಸುತ್ತೆ. ಇದು ಅವಳಿಗೆ…" ಎಂದವಳ ತುಟಿ ಒಂದು ಪದಕ್ಕೆ ಮಾತ್ರ ಸದ್ದಿಲ್ಲದೆ ಆಡಿತು. 'ನನಗಿಂತ' ಎಂದಿರಬೇಕು. "…ಹೆಚ್ಚು ಬೇಕು ಸಾರ್."

ನಾನು ಬಾಗಿಲ ಮುಂದೆ ಉಸಿರು ತೆಗೆದುಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಎದ್ದು ನಿಂತು, "ಸಾರ್, ನೋಡಿ, ಇಷ್ಟು ಚೆನ್ನಾಗಿ ಹೇಳ್ತಾಳೆ. ಅವಳೇ ಆಗ್ಬೇಕು" ಎಂದೆ. ಅವಳು, "ಇಲ್ಲ ಸಾರ್, ವಾರಿಜಾ" ಎಂದಳು. ಸಭೆಗೆ ತಲೆಕೆಟ್ಟುಹೋಯಿತು. ಹಿಂದಿನ ಸಾಲಿನವಳೊಬ್ಬಳು, "ಯಾರು ಯಾರ ಕಡೆ ಇವರು?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿ ನಗು ಎದ್ದಿತು. ಕುಲಸಚಿವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಸಾಕು, ಕೈಯೆತ್ತಿ" ಎಂದರು. ನಾನು ನೀಲಗಂಗಾಳಿಗೆ ಕೈಯೆತ್ತಿದೆ. ಅವಳು ನನಗೆ ಎತ್ತಿದಳು. ಎಣಿಸಿದವರು ಅನುಮಾನ ಬಂದು ಮತ್ತೊಮ್ಮೆ ಎಣಿಸಿದರು. ನೀಲಗಂಗಾ ಗೆದ್ದಳು.

ಆ ವಾರವೆಲ್ಲ ಎದುರು ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿ, "ಬೇಜಾರಾ?" ಎಂದು ಕೇಳಿದರು. ಅಲ್ಲವೆಂದು ತಲೆಯಾಡಿಸಿದೆ. "ಖುಷಿನಾ?" ಎಂದರು. ಅದಕ್ಕೂ ಅಲ್ಲವೆಂದೆ. ಏನೆಂದು ನನಗಾದರೂ ಗೊತ್ತಿದ್ದರೆ ತಾನೆ. ನೀಲಗಂಗಾ ಬಂದು ಏನನ್ನೂ ಕೇಳಲಿಲ್ಲ, ನನ್ನ ಪಕ್ಕ ಕೂತು ಬಹಳ ಹೊತ್ತು ಮುಖ ನೋಡಿ ಎದ್ದು ಹೋದಳು. ಮುಂದಿನ ಸೋಮವಾರ ಮಂಡಳಿಯ ಮುಂದೆ ಅವಳು ಹೇಳಿದ ಮೊದಲ ಮಾತು ನನ್ನದೇ ಆಗಿತ್ತಂತೆ. "ವಾರಿಜಾಗೆ ಊರಿಗೆ ಹೋಗಿ ಬರ್ಬೇಕಂತೆ ಸಾರ್. ಅಮ್ಮನ್ನ ನೋಡ್ಬೇಕಂತೆ." ರಜೆ ಕೊಟ್ಟರು. ನಾನು ಹಾಗೆಂದು ತಲೆಯಾಡಿಸಿರಲಿಲ್ಲ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಯೋಚಿಸಿದೆ. ನನಗೆ ಬೇಕಿತ್ತೆಂದು ಅವಳು ಹೇಳಿದಳೋ, ಅವಳು ಹೇಳಿದ್ದರಿಂದ ನನಗೆ ಬೇಕೆನ್ನಿಸಿತೋ? ಮನೆಯ ಬಾಗಿಲು ಬಂತು, ಉತ್ತರ ಬರಲಿಲ್ಲ.

ಅಮ್ಮ ನಡುಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಹಚ್ಚುತ್ತಿದ್ದಳು. ನನ್ನನ್ನು ಕಂಡು ಹಿಗ್ಗಿ, "ಏನ್ ಮಾಡ್ಲೇ ತಿನ್ನಕ್ಕೆ? ಏನ್ ಬೇಕು ಹೇಳು" ಎಂದಳು. ಇಲ್ಲಿ ನನ್ನ ಮಾತು ಕೇಳಿಸುತ್ತದಲ್ಲ ಎಂದು ಬಾಯಿ ತೆರೆದೆ. ಆದರೆ ವರ್ಷದ ಅಭ್ಯಾಸ, ಕಣ್ಣು ಅವಳ ಮುಖದ ಮೇಲೆ ನಿಂತುಬಿಟ್ಟಿತ್ತು.

"ನಿನಗೇನು ಬೇಕಮ್ಮ?" ಎಂದೆ.

"ನನಗಾ?" ಎಂದು ನಕ್ಕಳು. "ನನಗೇನೇ ಬೇಕು. ಎಲ್ಲಾ ಇದೆ."

ನಾನು ಚಾಪೆ ಎಳೆದು ಅವಳೆದುರು ಕೂತೆ. "ಹೊಸ ಮೆಷಿನ್ನಾ?" "ಇರೋದು ಓಡ್ತಿದೆಯಲ್ಲ." "ಕನ್ನಡಕನಾ?" "ಕಾಣುತ್ತೆ ಕಣೇ ಇನ್ನೂ." "ತವರಿಗೆ ಹೋಗ್ಬೇಕಾ?" "ಅಲ್ಲಿ ಯಾರಿದಾರೆ ಈಗ." ಒಳಗಿನಿಂದ ಅಪ್ಪ ಕಾಫಿ ಎಂದರು. ಹಿತ್ತಲಿನಿಂದ ತಮ್ಮ ತನ್ನ ನೀಲಿ ಅಂಗಿ ಎಲ್ಲಿ ಎಂದು ಕೂಗಿದ. ಎರಡಕ್ಕೂ ಅಮ್ಮ ಬಂದೆ ಬಂದೆ ಎಂದಳು. ಆದರೆ ಅವಳ ಕಣ್ಣು ನನ್ನ ಬ್ಯಾಗಿನ ಮೇಲಿತ್ತು. ಬಾಗಿಲ ಬಳಿ ಇಟ್ಟಿದ್ದ ಬ್ಯಾಗು, ಬಸ್ಸಿನ ಧೂಳು ಕೂತದ್ದು.

"ನನ್ನ ಜೊತೆ ಬರ್ಬೇಕಾ ಅಲ್ಲಿಗೆ?" ಎಂದೆ.

ಮೆಷಿನ್ ತುಳಿಯುತ್ತಿದ್ದ ಕಾಲು ನಿಂತಿತು. ಅಮ್ಮ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ನೇವರಿಸತೊಡಗಿದಳು.

"ಅಲ್ಲಿ ವಿಚಿತ್ರ ಕಣಮ್ಮ. ನಿನಗೇನಾದ್ರೂ ಬೇಕು ಅಂತ ನೀನು ಬಾಯ್ಬಿಟ್ಟು ಹೇಳಿದ್ರೂ ಯಾರಿಗೂ ಕೇಳ್ಸಲ್ಲ. ಪಕ್ಕದೋರು ಮುಖ ನೋಡಿ ತಿಳ್ಕೊಂಡು ಹೇಳ್ಬೇಕು."

"ಪಕ್ಕದೋರು ನೋಡ್ತಾರಾ?" ಎಂದಳು ಅಮ್ಮ.

"ನೋಡ್ತಾರೆ."

"ಹಂಗಾದ್ರೆ ಹೋಗಣ" ಎಂದಳು. ಎಂದವಳು ಒಳಕೋಣೆಯತ್ತ ನೋಡಿದಳು. ಅಪ್ಪ ಮತ್ತೊಮ್ಮೆ ಕಾಫಿ ಎಂದು ಕೂಗಿದರು. ಅಮ್ಮ ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು.

ನಾನು ಎದ್ದು, ಬಾಗಿಲ ಬಳಿ ಒಂದು ಕ್ಷಣ ನಿಂತು, ಒಳಗೆ ಹೋದೆ. ಅಪ್ಪ ಮಂಡಿಗೆ ಎಣ್ಣೆ ಹಚ್ಚಿಕೊಂಡು ಪೇಪರ್ ಓದುತ್ತಿದ್ದರು.

"ಅಪ್ಪಾ, ಅಮ್ಮನಿಗೆ ನನ್ನ ಜೊತೆ ನಾನು ಓದೋ ಊರಿಗೆ ಬರ್ಬೇಕಂತೆ" ಎಂದೆ.

ಅಪ್ಪ ಪೇಪರ್ ಕೆಳಗಿಳಿಸಿದರು. ನನ್ನನ್ನು ನೋಡಿದರು, ನನ್ನ ಹಿಂದಿನ ಖಾಲಿ ಬಾಗಿಲನ್ನು ನೋಡಿದರು. "ಅವಳಿಗಾ?" ಎಂದರು. ಇನ್ನೊಮ್ಮೆ, ಈ ಸಲ ಸ್ವಲ್ಪ ಮೆತ್ತಗೆ, "ಅವಳಿಗೆ ಬೇಕಂತಾ?" ಎಂದು ಕೇಳಿ, ಮಂಡಿ ಹಿಡಿದುಕೊಂಡು, ಅವಳ ಮುಖ ನೋಡಲು ಮೆಲ್ಲಗೆ ಎದ್ದು ನಿಂತರು.